ಹೌದ್ರಿ, ಇಲ್ಲ

ಕೆಂಪು ಬಾಳೆ ಹಣ್ಣಾಗುವಾಗ ಬರುವ ವಾಸನೆ ಹೀಗೇ ಇರುತ್ತದೆ ಎಂದು ಹೇಳುವುದು ಕಷ್ಟ. ಒಣಹುಲ್ಲು, ಗೋಣಿಚೀಲ, ಬೆಲ್ಲದ ಪಾಕ ಎಂದೆಲ್ಲ ಬರೆದು ಹೊಡೆದುಹಾಕಿದ್ದೇನೆ. ಹೋದ ವಾರ ಕಮಲಾಪುರದಲ್ಲಿ ಗೆಳೆಯ ಶರಣುವಿನ ಮನೆಗೆ ಹೋಗಿದ್ದೆ. ಅಲ್ಲಿ ಮೇಲಿನ ಕೋಣೆಯ ಬಾಗಿಲು ತೆಗೆದಾಗ ಅದೇ ವಾಸನೆ ಬಂತು. ಬಂದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು. ಬೇರೆಯವರಿಗೆ ಆ ವಾಸನೆಗೆ ಹಸಿವಾಗಬಹುದು. ನನಗೆ ಯಾರೋ ಇಂಟರ್‌ವ್ಯೂ ಮಾಡುತ್ತಿದ್ದಾರೆ ಅನಿಸುತ್ತದೆ.

ನೆನಪಿನ ಮೇಲೆ ನನಗೆ ವಿಶ್ವಾಸ ಕಡಿಮೆ. ಇಂಜಿನಿಯರಿಂಗ್ ಓದಿನಲ್ಲಿ ನನಗೆ ಗಟ್ಟಿಯಾಗಿ ಅಂಟಿದ ಪಾಠವೆಂದರೆ, ಅಳತೆ ವಿಚಿತ್ರವಾಗಿ ಬಂದರೆ ಮೊದಲು ಅಳೆಯುವ ಉಪಕರಣವನ್ನು ಅನುಮಾನಿಸಬೇಕು ಎನ್ನುವುದು. ಇಲ್ಲಿ ಉಪಕರಣ ನನ್ನ ತಲೆಯೇ. ಆ ಮಳೆಗಾಲದ ಬಗ್ಗೆ ನನ್ನದೊಂದು ಕಥೆಯಿದೆ, ಶರಣುವಿನದೊಂದಿದೆ, ಅವನ ತಾಯಿಯದು ಮೂರನೆಯದು. ಮೂವರೂ ಒಪ್ಪುವಷ್ಟನ್ನೇ ಬರೆಯುತ್ತೇನೆಂದರೆ ಒಂದು ಪೋಸ್ಟ್‌ಕಾರ್ಡೂ ತುಂಬುವುದಿಲ್ಲ. ಹಾಗಾಗಿ ನನ್ನದನ್ನು ಬರೆಯುತ್ತೇನೆ, ಜಗಳವಿರುವ ಜಾಗ ಬಂದಾಗ ಹೇಳುತ್ತೇನೆ.

ಪದವಿ ಮುಗಿದ ವರ್ಷ ಅದು. ಕಲಬುರಗಿಯಲ್ಲಿ ನಮ್ಮ ಮನೆ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಎರಡು ಕೋಣೆ, ಒಂದು ದೇವರ ಗೂಡು. ಅಪ್ಪ ನಿವೃತ್ತರಾದ ಮೇಲೆ ಪೂಜೆಯ ಹೊತ್ತನ್ನು ಸಾಕಷ್ಟು ಹಿಗ್ಗಿಸಿಕೊಂಡಿದ್ದರು. ಆನ್‌ಲೈನಿನಲ್ಲಿ ನಡೆದ ನನ್ನ ಮೊದಲ ಇಂಟರ್‌ವ್ಯೂನಲ್ಲಿ, ನಡೆಯುತ್ತಿರುವ ಕೆಲಸವನ್ನು ಕಂಪ್ಯೂಟರ್ ಯಾವಾಗ ಅರ್ಧಕ್ಕೆ ನಿಲ್ಲಿಸುತ್ತದೆ ಎಂದು ವಿವರಿಸುತ್ತಿದ್ದಾಗ ಅಪ್ಪ ಮಂಗಳಾರತಿಯ ಗಂಟೆ ಬಾರಿಸಿದರು. ಆ ಕಡೆಯವರು ನಕ್ಕರು. ಕೆಲಸ ಮಾತ್ರ ಕೊಡಲಿಲ್ಲ. ಎರಡನೆಯದರಲ್ಲಿ ಕರೆಂಟು ಹೋಯಿತು. ಮೂರನೆಯದರಲ್ಲಿ ಏನೂ ಹೋಗಲಿಲ್ಲ, ಆದರೂ ಆಗಲಿಲ್ಲ. ಅಪ್ಪ ಸಿಟ್ಟಾಗುವವರಲ್ಲ, ದಾರಿ ತೋರಿಸುವವರು. ಅವರು ಸಿಟ್ಟಾಗಿದ್ದರೇ ಚೆನ್ನಾಗಿತ್ತು ಅನಿಸುತ್ತಿತ್ತು.

"ದಸರಾತನಕ ನೋಡೂಣು," ಅಂದರು. "ಆಗಲಿಲ್ಲ ಅಂದ್ರ ಸೋಲಾಪುರದಾಗ ನಿಮ್ಮ ಮಾಮಾನ ಔಷಧದ ಅಂಗಡಿ ಅದ. ಫಿಕರ್ ಮಾಡಬ್ಯಾಡ. ಅಲ್ಲಿ ಸುದ್ದಾ ಕಂಪ್ಯೂಟರ್ ಅದ."

ಸೋಲಾಪುರದ ಮೇಲೆ ನನಗೆ ದ್ವೇಷವಿರಲಿಲ್ಲ. ಮನೆಯಲ್ಲಿ ಅರ್ಧ ಮಾತು ಮರಾಠಿಯೇ ಆದ್ದರಿಂದ ಅಲ್ಲಿ ಹೊಂದಿಕೊಳ್ಳುವುದೂ ಕಷ್ಟವಿರಲಿಲ್ಲ. ಆದರೆ ಮಾಮಾನ ಆ ಕಂಪ್ಯೂಟರನ್ನು ನಾನು ನೋಡಿದ್ದೆ. ಅದರ ಮೇಲೆ ಕೆಮ್ಮಿನ ಔಷಧದ ಡಬ್ಬಿಗಳನ್ನು ಜೋಡಿಸಿದ್ದರು.

ಅಷ್ಟರಲ್ಲಿ ಒಂದು ಕಂಪನಿ ಕಲಬುರಗಿಯಲ್ಲಿಯೇ ಸಣ್ಣ ಆಫೀಸು ತೆಗೆಯುತ್ತಿದೆ ಎಂದು ಗೊತ್ತಾಯಿತು. ತೊಗರಿಯ ಗೋದಾಮುಗಳಲ್ಲಿ, ಹಣ್ಣಿಡುವ ತಣ್ಣನೆಯ ಕೋಣೆಗಳಲ್ಲಿ ಶಾಖ, ತೇವ ಅಳೆಯುವ ಯಂತ್ರಗಳನ್ನೂ ಅವುಗಳ ಸಾಫ್ಟ್‌ವೇರನ್ನೂ ಮಾಡುವ ಕಂಪನಿ. ಹೊಸಬರಿಗೆ ಒಂದೇ ಜಾಗ. ಅದು ನನ್ನದೇ ಜಾಗ ಎಂದು ಓದಿದ ಕೂಡಲೇ ತೀರ್ಮಾನಿಸಿದೆ. ಈ ಬಗೆಯ ತೀರ್ಮಾನಗಳಿಗೆ ಆಧಾರ ಬೇಕಾಗುವುದಿಲ್ಲ. ಬರೆಯುವ ಪರೀಕ್ಷೆ ಆಯಿತು, ಪಾಸಾದೆ. ಮುಂದಿನದು ಆನ್‌ಲೈನ್ ಮಾತುಕತೆ. ಈ ಸಲ ಗಂಟೆಯ ಸದ್ದು, ಕರೆಂಟು ಯಾವುದಕ್ಕೂ ಅವಕಾಶ ಕೊಡಬಾರದೆಂದು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ.

ಶರಣು ನನ್ನ ಜೊತೆ ಓದಿದವನು, ಬೇರೆ ವಿಭಾಗ. ಡಿಗ್ರಿ ಮುಗಿಸಿ ಬಂದು ಅಪ್ಪನ ಬಾಳೆಹಣ್ಣಿನ ವ್ಯಾಪಾರಕ್ಕೆ ಖುಷಿಯಿಂದ ಕೂತಿದ್ದ. "ಇಂಟರ್‌ವ್ಯೂ ಅಂದ್ರ ನನಗ ಜ್ವರಾ ಬರ್ತಾವಪ್ಪ. ಗಿರಾಕಿ ಜೋಡಿ ಹೆಂಗ ಬೇಕಾದಂಗ ಮಾತಾಡ್ತೀನಿ," ಅನ್ನುತ್ತಿದ್ದ. ಅವನ ಮನೆಯ ಹಿಂದೆಯೇ ಮೊಬೈಲ್ ಟವರ್ ಇತ್ತು, ಮನೆಯಲ್ಲಿ ಇನ್ವರ್ಟರ್ ಇತ್ತು. ಮೇಲಿನ ಕೋಣೆಯಲ್ಲಿ ಹುಲ್ಲು ಹಾಸಿ ಗೊನೆಗಳನ್ನು ಹಣ್ಣಿಗೆ ಇಡುತ್ತಿದ್ದರು. ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿದ್ದದ್ದು ಆ ಕೋಣೆಯಲ್ಲೇ. ಸುಣ್ಣದ ಗೋಡೆಗೆ ಬೆನ್ನು ಹಾಕಿ, ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಕ್ಯಾಮೆರಾದ ಆಚೆ ಸುತ್ತಲೂ ಕೆಂಪು ಗೊನೆಗಳು. ಕಂಪನಿಯವರಿಗೆ ಕಂಡದ್ದು ಬಿಳಿ ಗೋಡೆ ಮತ್ತು ಇಸ್ತ್ರಿ ಮಾಡಿದ ಅಂಗಿಯ ನಾನು.

ಶರಣುವಿನ ತಾಯಿಯನ್ನು ನಾನು ಕಾಕು ಎನ್ನುತ್ತಿದ್ದೆ. ಅವರು ಯಾವ ಮಾತನ್ನೂ ನೇರ ಕೇಳುವವರಲ್ಲ. ಎಲ್ಲ ಪ್ರಶ್ನೆಗಳೂ ಇಲ್ಲ ಎಂಬಲ್ಲಿಂದಲೇ ಶುರುವಾಗುತ್ತಿದ್ದವು.

"ಏನೋ ವೆಂಕಟೇಶಾ, ಊಟ ಆಗಿಲ್ಲೇನು?"

"ಹೌದ್ರಿ ಕಾಕು, ಆಗಿಲ್ಲ."

"ನೌಕರಿ ಇನ್ನೂ ಸಿಕ್ಕಿಲ್ಲೇನು?"

"ಹೌದ್ರಿ, ಸಿಕ್ಕಿಲ್ಲ."

"ಇರ್ಲಿ, ರೊಟ್ಟಿ ಬಿಸೀ ಅದ, ಕೂಡು."

ಇಂಟರ್‌ವ್ಯೂ ದಿನ ಮಳೆ ಜೋರಾಗಿತ್ತು. ಶರಣುವಿನ ಪ್ರಕಾರ ಅವತ್ತು ಸುಡುವ ಬಿಸಿಲು. ನನಗಂತೂ ಅಂಗಳದ ಕರಿಮಣ್ಣು ಚಪ್ಪಲಿಗೆ ಮೆತ್ತಿ, ಮೆಟ್ಟಿಲ ಅಂಚಿಗೆ ಕಾಲು ಉಜ್ಜಿದ್ದು ನೆನಪಿದೆ. ತೆರೆಯ ಮೇಲೆ ಬಂದವರು ನಂದಿತಾ ಮೇಡಂ. ಮಾತೆಲ್ಲ ಇಂಗ್ಲಿಷ್. ಹೊರದೇಶದಲ್ಲಿ ಬೆಳೆದವರೆಂದು ಉಚ್ಚಾರದಿಂದಲೇ ಗೊತ್ತಾಗುತ್ತಿತ್ತು. ಆದರೆ ಹೆದರಿಸುವವರಲ್ಲ. ಪ್ರಶ್ನೆ ಕೇಳಿ, ನನಗೆ ಯೋಚಿಸಲು ಬೇಕಾದಷ್ಟು ಹೊತ್ತು ಕೊಡುತ್ತಿದ್ದರು. ಒಂದು ಲೆಕ್ಕದಲ್ಲಿ ನಾನು ಬರೆದ ದಾರಿ ತಪ್ಪೆಂದು ನಾನೇ ಕಂಡುಹಿಡಿದು ಸರಿಮಾಡಿದೆ. ಶರಣು ಮೂಲೆಯಲ್ಲಿ ಗೊನೆಗಳ ನಡುವೆ ಉಸಿರು ಬಿಗಿಹಿಡಿದು ಕೂತಿದ್ದ.

ಕೊನೆಗೆ ಅವರು ಕೇಳಿದರು: ನೀವು ಮಾಡಿದ್ದೆಲ್ಲ ಕಾಲೇಜಿನ ಪ್ರಾಜೆಕ್ಟುಗಳು. ನಿಜವಾದ ಜನ ದಿನಾ ಬಳಸುವಂಥದ್ದನ್ನು ಯಾವುದನ್ನೂ ಮಾಡಿಲ್ಲವೇ?

ಮಾಡಿಲ್ಲವೆಂದು ಹೇಳಿದೆ. ಹೇಳಿದೆನೆಂದೇ ನನ್ನ ಮನಸ್ಸು ಸಾಕ್ಷಿ ಹೇಳುತ್ತಿತ್ತು. ಅವರು "ವೆರಿ ಗುಡ್" ಅಂದು ಏನೋ ಟೈಪು ಮಾಡಿಕೊಂಡರು. ಇಷ್ಟು ಪ್ರಾಮಾಣಿಕ ಹುಡುಗ ಸಿಕ್ಕನೆಂದು ಸಂತೋಷಪಟ್ಟಿರಬೇಕು ಎಂದುಕೊಂಡು ಕಾಕುವಿನ ಕೈಯ ರೊಟ್ಟಿ ಗಡದ್ದಾಗಿ ತಿಂದೆ.

ಎರಡು ದಿನ ಬಿಟ್ಟು ಇಮೇಲ್ ಬಂತು. ಮುಂದಿನ ವಾರ ಕಲಬುರಗಿಯಲ್ಲಿ ಮುಖಾಮುಖಿ, ಅದೇ ಕೊನೆಯ ಸುತ್ತು. ಕೊನೆಯ ಸಾಲು ಹೀಗಿತ್ತು: ಜನ ದಿನಾ ಬಳಸುತ್ತಿರುವ ನಿಮ್ಮ ಆ ಸಾಫ್ಟ್‌ವೇರಿನ ಬಗ್ಗೆ ವಿವರವಾಗಿ ಕೇಳಲು ಕಾತರರಾಗಿದ್ದೇವೆ.

"ಯಾವ ಸಾಫ್ಟ್‌ವೇರ್?" ಎಂದು ಶರಣುವಿಗೆ ಫೋನು ಮಾಡಿದೆ.

"ನನಗೇನ್ ಕೇಳ್ತಿ? ನೀನೇ ಎಸ್ ಅಂದೀ."

"ನಾ ಇಲ್ಲ ಅಂದೀನಿ!"

"ಏ ವೆಂಕ್ಯಾ, ನಾ ಅಲ್ಲೇ ಕುಂತಿದ್ದೆ. 'ಎಸ್ ಮೇಡಂ' ಅಂದೀ. ತಲೀ ಸುದ್ದಾ ಅಲ್ಲಾಡಿಸ್ದಿ. ನನಗೂ ಆಶ್ಚರ್ಯ ಆತು. ಎಷ್ಟ ಧೈರ್ಯಾ ಇವಂದು ಅನ್ಕೊಂಡೆ."

ಬಹಳ ಹೊತ್ತು ವಾದಿಸಿದೆವು. ಇಲ್ಲವೆಂದಿದ್ದೇನೆ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಎಸ್ ಎಂದದ್ದು ಕಿವಿಯಲ್ಲಿ ಕೇಳಿದ್ದೇನೆ ಎನ್ನುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಒಂದೇ ಕೋಣೆ, ಒಂದೇ ಮಾತು. ನನ್ನ ನೆನಪಿನ ಮೇಲೆ ನನಗೆ ಮೊದಲ ಸಲ ನಿಜವಾದ ಅನುಮಾನ ಹುಟ್ಟಿದ್ದು ಅವತ್ತು. ಕೆಲಸದ ಆಸೆಗೆ ನಾಲಗೆ ನನ್ನನ್ನು ಕೇಳದೆ ಸುಳ್ಳು ಹೇಳಿತೇ? ಇಮೇಲಿಗೆ ಉತ್ತರ ಬರೆಯಲು ಕೂತೆ. ಆದರೆ ಏನೆಂದು ಬರೆಯುವುದು? ನಾನು ಹಾಗೆ ಹೇಳಿಲ್ಲ ಎಂದರೆ ಅವರನ್ನು ಕಿವುಡರೆಂದಂತೆ. ಸುಳ್ಳು ಹೇಳಿದೆ ಎಂದರೆ, ಹೇಳಿದ ನೆನಪೇ ಇಲ್ಲದ ಸುಳ್ಳಿಗೆ ಕ್ಷಮೆ ಕೇಳಿದಂತೆ. ಎದುರಿಗೆ ಕೂತೇ ಸರಿಪಡಿಸುತ್ತೇನೆ ಎಂದು ನಿರ್ಧರಿಸಿದೆ.

ಶರಣುವಿನ ಲೆಕ್ಕವೇ ಬೇರೆ. "ಒಂದ್ ವಾರ ಅದಲ್ಲೋ. ಮಾಡಿಬಿಡು. ಜನಾ ನಾ ಕೊಡ್ತೀನಿ."

ಅವನು ಜನ ಎಂದದ್ದು ಸುತ್ತಲಿನ ಬಾಳೆ ಬೆಳೆಗಾರರನ್ನು. ದಿನಾ ಬೆಳಿಗ್ಗೆ ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ಕಡಿದ ಗೊನೆ ಇದೆಯೇ ಎಂದು ಕೇಳಿ, ಇದ್ದವರ ತೋಟಕ್ಕೆ ತನ್ನ ಮೂರು ಗಾಲಿಯ ಟಂಟಂ ಗಾಡಿ ಕಳಿಸುವುದು ಶರಣುವಿನ ಕೆಲಸ. ಫೋನಿನ ಬದಲು ಎಲ್ಲರ ಮೊಬೈಲಿಗೂ ಒಂದು ಸಂದೇಶ ಹೋಗಲಿ, ಅವರು ಒಂದು ಗುಂಡಿ ಒತ್ತಲಿ, ಗಾಡಿಯ ದಾರಿ ತಾನಾಗಿ ತಯಾರಾಗಲಿ. ಕೇಳಿದ ಕೂಡಲೇ ನನಗೆ ಇಂಟರ್‌ವ್ಯೂ ಮರೆತೇಹೋಯಿತು ಎಂದು ನೆನಪು. ಪೂರ್ತಿ ಮರೆತಿರಲಿಕ್ಕಿಲ್ಲ.

ಮತ್ತೆ ಕಮಲಾಪುರಕ್ಕೆ ಹೋಗಿ ಮೇಲಿನ ಕೋಣೆಯಲ್ಲೇ ಬೀಡುಬಿಟ್ಟೆ. ಮಳೆ ಬಂದು ಹೋಗಿ ಮಾಡುತ್ತಿತ್ತು. ಪ್ರೋಗ್ರಾಂ ಒಳಗೆಲ್ಲ ಇಂಗ್ಲಿಷಿನಲ್ಲಿ ಬರೆದೆ: ಮಾಲು ಇದೆಯೇ, ಎಸ್ ಅಥವಾ ನೋ. ಬೆಳೆಗಾರರಿಗೆ ಕಾಣುವ ಕನ್ನಡದ ಸಾಲನ್ನು ಕಾಕುವಿಗೆ ಓದಿ ಹೇಳಿದೆ: "ಇವತ್ತು ಗೊನೆ ಇದೆಯೇ?"

ಕಾಕು ಮುಖ ಗಂಟಿಕ್ಕಿದರು. "ಹಿಂಗ ಯಾರರ ಕೇಳ್ತಾರೇನೋ? ಮುಂಜಾನೆದ್ದು ಇನ್ನೊಬ್ಬರ ಬೆಳೀ ಮ್ಯಾಲ ಕಣ್ಣ ಹಾಕ್ದಂಗ ಆಗ್ತದ. 'ಇವತ್ತ ಗೊನಿ ಇಲ್ಲೇನ್ರಿ?' ಅಂತ ಕೇಳಬೇಕು. ಇದ್ದವ್ರು ತಾವೇ ಹೇಳ್ತಾರ."

ಅವರ ಮನೆಯಲ್ಲಿ ಮೊದಲಿನಿಂದ ಹಾಗೆಯೇ ಕೇಳುತ್ತ ಬಂದಿದ್ದರಂತೆ. ಶರಣುವೂ ತಲೆಯಾಡಿಸಿದ. ದೃಷ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಬಳಸುವವರು ಅವರು. ಸಾಲು ಬದಲಿಸಿದೆ: "ಇವತ್ತ ಗೊನಿ ಇಲ್ಲೇನ್ರಿ?" ಕೆಳಗೆ ಎರಡು ಗುಂಡಿ, ಹೌದು ಮತ್ತು ಇಲ್ಲ. ಒಳಗಿನ ಪ್ರೋಗ್ರಾಂ ಮುಟ್ಟಲಿಲ್ಲ. ಮುಟ್ಟಬೇಕೆಂದು ಹೊಳೆಯಲೂ ಇಲ್ಲ.

ಮರುದಿನ ಬೆಳಿಗ್ಗೆ ಸಂದೇಶ ಹೋಯಿತು. ಉತ್ತರಗಳು ಪಟಪಟನೆ ಬಂದವು. ನಕ್ಷೆಯ ಮೇಲೆ ಗಾಡಿಯ ದಾರಿ ತಾನಾಗಿ ಮೂಡಿದಾಗ ಶರಣು ನನ್ನ ಬೆನ್ನಿಗೆ ಹೊಡೆದ ಪೆಟ್ಟು ಇಂದಿಗೂ ನೋಯುತ್ತದೆ. ಗಾಡಿ ಹೊರಟಿತು. ನಾವು ಚಹಾ ಮುಗಿಸುವಷ್ಟರಲ್ಲಿ ಮೊದಲ ಫೋನು. ಗುರುಪಾದಪ್ಪ ಎಂಬ ಹಿರಿಯ ಬೆಳೆಗಾರರು. ಶರಣು ಸ್ಪೀಕರಿಗೆ ಹಾಕಿದ.

"ಏನ್ ತಮ್ಮಾ, ಮಾಲ್ ಇಲ್ಲ ಅಂತ ಹೇಳೀನಿ, ಮತ್ತ ಯಾಕ ಗಾಡಿ ಕಳಸೀದಿ? ನಿನ್ನ ಗಾಡಿ ನಮ್ಮ ಹಾದ್ಯಾಗ ಹುಗದು ನಿಂತದ. ಈಗ ಎತ್ತ ಕಟ್ಟಿ ಎಳೀಬೇಕು."

"ಕಾಕಾ, ನೀವು ಹೌದು ಅಂತ ಒತ್ತೀರಲ್ರಿ?"

"ಹೌದಲ್ಲ ಮತ್ತ! ಇಲ್ಲೇನ್ರಿ ಅಂತ ಕೇಳೀದಿ. ಹೌದು, ಇಲ್ಲ. ಇದರಾಗ ತಿಳೀಲಾರದ್ದು ಏನದ?"

ಫೋನು ಇಟ್ಟ ಕೂಡಲೇ ಇನ್ನೊಂದು ಬಂತು. ಗೊನೆ ಕಡಿದಿಟ್ಟು ಗಾಡಿಗೆ ಕಾಯುತ್ತಿದ್ದವರೊಬ್ಬರು. ಅವರು "ಇಲ್ಲ" ಒತ್ತಿದ್ದರು. ಇಲ್ಲ, ನೀವು ತಿಳಿದಂತೆ ಅಲ್ಲ, ಮಾಲು ಇದೆ ಎಂದು ಅರ್ಥ.

ನಾನು ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದೆ. ಶರಣು ನನ್ನನ್ನೇ ನೋಡುತ್ತಿದ್ದ. ಮೊದಲು ಅವನ ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಅವನು ಹುಲ್ಲಿನ ಮೇಲೆ ಉರುಳಿಬಿದ್ದು ನಗತೊಡಗಿದ.

"ವೆಂಕ್ಯಾ, ನೀನೂ ಇದನ್ನೇ ಒತ್ತೀದಿಯಲ್ಲೋ! ಆ ಮೇಡಮ್ಮ ಏನ್ ಕೇಳಿದ್ರು? ಮಾಡಿಲ್ಲೇನು ಅಂತ. ನೀ ಎಸ್ ಅಂದಿ. ಹೌದ್ರಿ, ಮಾಡಿಲ್ಲ!"

ಆ ಕ್ಷಣದಲ್ಲಿ ನನಗಾದದ್ದು ನಾಚಿಕೆಯಲ್ಲ, ಬಿಡುಗಡೆ. ನಾನು ಹೇಳಿದ್ದು ಇಲ್ಲವೆಂದೇ, ಅವನು ಕೇಳಿದ್ದು ಎಸ್ ಎಂದೇ. ಎರಡು ನೆನಪೂ ಸರಿ. ಕನ್ನಡದ ಹೌದನ್ನು ಇಂಗ್ಲಿಷಿನ ಅಂಗಿ ತೊಡಿಸಿ ಕಳಿಸಿದ್ದೆ. ಆ ಕಡೆ ತಲುಪುವಷ್ಟರಲ್ಲಿ ಅದು ಉಲ್ಟಾ ಆಗಿತ್ತು.

ಪ್ರಶ್ನೆಯನ್ನು ಬದಲಿಸಲಿಲ್ಲ, ಕಾಕು ಬಿಡುತ್ತಿರಲಿಲ್ಲ. ಹೌದು, ಇಲ್ಲ ಎಂಬ ಗುಂಡಿಗಳನ್ನು ತೆಗೆದು, ಬೇರೆ ಎರಡು ಹಾಕಿದೆ: "ಗೊನಿ ಅದ", "ಗೊನಿ ಇಲ್ಲ". ಹೊಳೆದದ್ದು ಯಾರಿಗೆ ಎನ್ನುವುದೇ ನಮ್ಮ ದೊಡ್ಡ ಜಗಳ. ನನಗೆಂದು ನನ್ನ ನೆನಪು, ತನಗೆಂದು ಶರಣುವಿನದು. ಕಾಕು ತಾವೇ ಹೇಳಿಕೊಟ್ಟದ್ದೆಂದು ಬೀಗರ ಮುಂದೆಲ್ಲ ಹೇಳಿದ್ದಾರೆ. ಮರುದಿನದಿಂದ ಗಾಡಿ ಸರಿಯಾದ ತೋಟಗಳಿಗೆ ಹೋಯಿತು. ಗುರುಪಾದಪ್ಪನವರು ಮಾತ್ರ ಗುಂಡಿ ಒತ್ತಿ, ಮೇಲೊಂದು ಫೋನೂ ಮಾಡುತ್ತಿದ್ದರು.

ಕೊನೆಯ ಸುತ್ತು ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಓಣಿಯ ಒಂದು ಲಾಡ್ಜಿನಲ್ಲಿ. ಕಂಪನಿಯ ಆಫೀಸಿಗೆ ಇನ್ನೂ ಬಣ್ಣ ಹಚ್ಚುತ್ತಿದ್ದರು, ಹಾಗಾಗಿ ಅಲ್ಲಿಯ ಸಣ್ಣ ಹಾಲ್ ಬಾಡಿಗೆಗೆ ಹಿಡಿದಿದ್ದರು. ಕೆಳಗೆ ದರ್ಗಾಕ್ಕೆ ಬಂದವರ ಗಂಟುಮೂಟೆ, ಹೂವಿನ ಚಾದರ ಹೊತ್ತವರು, ಲೋಬಾನದ ಹೊಗೆ. ಮೆಟ್ಟಿಲ ಮೇಲೆ ಹತ್ತಾರು ಹುಡುಗ ಹುಡುಗಿಯರು ಫೈಲು ಎದೆಗವಚಿಕೊಂಡು ನಿಂತಿದ್ದರು. ನನಗೆ ಹೆದರಿಕೆ ಇರಲಿಲ್ಲ. ಇದನ್ನು ಈಗ ಸೇರಿಸುತ್ತಿದ್ದೇನೆಯೇ ಎಂದು ಕೇಳಿಕೊಂಡಿದ್ದೇನೆ. ಇಲ್ಲ, ಇರಲಿಲ್ಲ. ಹೇಳಲು ನನ್ನ ಹತ್ತಿರ ಒಂದು ಸಂಗತಿಯಿತ್ತು, ಅದು ಬೇರೆ ಯಾರ ಹತ್ತಿರವೂ ಇರಲು ಸಾಧ್ಯವಿರಲಿಲ್ಲ.

ಒಳಗೆ ನಂದಿತಾ ಮೇಡಂ, ಪಕ್ಕದಲ್ಲಿ ರಾಯಚೂರು ಕಡೆಯ ಹಿರಿಯ ಇಂಜಿನಿಯರೊಬ್ಬರು. ಮೇಡಂ ಕೇಳಿದ ಮೊದಲ ಪ್ರಶ್ನೆಯೇ ಅದು: ನಿಮ್ಮ ಬಳಕೆದಾರರ ಬಗ್ಗೆ ಹೇಳಿ.

ಮೊದಲು ಒಂದು ತಿದ್ದುಪಡಿ ಇದೆ ಎಂದೆ. ನೀವು ಕೇಳಿದ ದಿನ ನನಗೆ ಒಬ್ಬ ಬಳಕೆದಾರನೂ ಇರಲಿಲ್ಲ. ನೀವು ಮಾಡಿಲ್ಲವೇ ಎಂದಿರಿ, ನಾನು ಎಸ್ ಎಂದೆ, ಅದರ ಅರ್ಥ ಮಾಡಿಲ್ಲ ಎಂದು. ಇವತ್ತು ಕಮಲಾಪುರದ ಬಾಳೆ ಬೆಳೆಗಾರರಿದ್ದಾರೆ. ನಮ್ಮಿಬ್ಬರ ನಡುವೆ ಏನಾಯಿತೆಂದು ನನಗೆ ತಿಳಿದದ್ದು ಅವರಿಂದಲೇ.

ಗಾಡಿ ಕೆಸರಿನಲ್ಲಿ ಹೂತು ಎತ್ತು ಕಟ್ಟಿ ಎಳೆದಲ್ಲಿಗೆ ಬರುವಷ್ಟರಲ್ಲಿ ರಾಯಚೂರಿನವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. "ಹೌದ್ರಿ, ಇಲ್ಲ," ಎಂದು ತಮಗೆ ತಾವೇ ಅಂದುಕೊಂಡು ಮತ್ತೆ ನಕ್ಕರು. ಮೇಡಂ ನಗಲಿಲ್ಲ. ತಮ್ಮ ಟಿಪ್ಪಣಿಯನ್ನು ನೋಡಿದರು, ನನ್ನನ್ನು ನೋಡಿದರು. ಬೆಳೆಗಾರ ಯಾವ ಗುಂಡಿಯನ್ನೂ ಒತ್ತದಿದ್ದರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ ಎಂದರು. ಏನೂ ಮಾಡುವುದಿಲ್ಲ, ಶರಣು ಫೋನು ಮಾಡುತ್ತಾನೆ, ಅದನ್ನು ಇನ್ನೂ ಬರೆದಿಲ್ಲ ಎಂದೆ. ಆಮೇಲೆ ಅವರು ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಗೋದಾಮಿನ ಕಾವಲುಗಾರನಿಗೆಂದು ಅವರ ಕಂಪನಿ ಮಾಡಿದ ಕನ್ನಡದ ಪರದೆ. ಅದರಲ್ಲಿ ಒಂದು ಸಾಲು: ಬಾಗಿಲು ಮುಚ್ಚಿಲ್ಲವೇ? ಕೆಳಗೆ ಎರಡು ಗುಂಡಿ.

ಇಲ್ಲಿಯ ಕಾವಲುಗಾರ ಏನು ಒತ್ತುತ್ತಾನೆ ಎಂದು ಮೇಡಂ ಕೇಳಿದರು.

"ಮುಚ್ಚದಿದ್ದರೆ ಹೌದು ಒತ್ತಬಹುದು, ಮುಚ್ಚಿದ್ದರೂ ಹೌದು ಒತ್ತಬಹುದು," ಎಂದೆ. "ಅವನು ಎಲ್ಲಿ ಬೆಳೆದ, ಅವತ್ತು ಯಾವ ಭಾಷೆಯಲ್ಲಿ ಯೋಚಿಸುತ್ತಿದ್ದ ಎನ್ನುವುದರ ಮೇಲೆ."

ಆಗ ಅವರೂ ನಕ್ಕರು. ಮಿಕ್ಕ ಪ್ರಶ್ನೆಗಳು ನನಗೆ ನೆನಪಿಲ್ಲ. ಚೆನ್ನಾಗಿಯೇ ಉತ್ತರಿಸಿರಬೇಕು.

ಫಲಿತಾಂಶದ ಫೋನು ಬಂದಾಗ ನಾನು ಕಮಲಾಪುರದಲ್ಲಿದ್ದೆ. ಸಂತೆಯ ದಿನ, ಶರಣುವಿನ ಅಂಗಡಿಯ ಮುಂದೆ ಗದ್ದಲ. ಮಾತು ಕೇಳಿಸದೆ ಬಸ್‌ಸ್ಟ್ಯಾಂಡಿನ ಗೋಡೆಯ ಮರೆಗೆ ಓಡಿದೆ. ಆ ಕಡೆಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಕೇಳಿದರು: ನಿಮಗೆ ಬೇರೆ ಯಾವ ಕಂಪನಿಯ ಆಫರೂ ಇಲ್ಲ, ಅಲ್ಲವೇ? ನಾಲಗೆಯ ತುದಿಗೆ ಎಸ್ ಬಂದಿತ್ತು, ನುಂಗಿದೆ. ನನಗೆ ಬೇರೆ ಆಫರ್ ಇಲ್ಲ, ನೀವು ಕೊಟ್ಟರೆ ಸೇರುತ್ತೇನೆ ಎಂದು ಪೂರ್ತಿ ವಾಕ್ಯ ಹೇಳಿದೆ. ಹಾಗಾದರೆ ದಸರಾ ಮುಗಿದ ಸೋಮವಾರ ಬನ್ನಿ ಎಂದರು.

ತಿರುಗಿ ಬಂದಾಗ ಅಂಗಡಿಯಲ್ಲಿ ಕಾಕು ಹಣ್ಣು ತೂಗುತ್ತಿದ್ದರು. ಏದುಸಿರು ಬಿಡುತ್ತಿದ್ದ ನನ್ನ ಮುಖ ನೋಡಿ ತಕ್ಕಡಿ ಕೆಳಗಿಟ್ಟರು.

"ಯಾಕೋ? ಆಗಲಿಲ್ಲೇನು?"

"ಇಲ್ರಿ ಕಾಕು!" ಎಂದು ಕೂಗಿದೆ. ಇಲ್ಲ, ಹಾಗಲ್ಲ, ಆಯಿತು ಎಂಬ ಅರ್ಥದಲ್ಲಿ. ಗೊನೆ ಕಡಿದಿಟ್ಟು 'ಇಲ್ಲ' ಒತ್ತಿದ ಆ ಬೆಳೆಗಾರರಂತೆಯೇ ನಾನೂ ಒತ್ತಿದ್ದೆ, ಕಾಕುವಿಗೆ ಕೇಳಿಸಿದ್ದು ಬರೀ ಇಲ್ಲ.

ಕಾಕುವಿನ ಮುಖ ಇಳಿದುಹೋಯಿತು. ಗಿರಾಕಿಯನ್ನು ಬಿಟ್ಟು, ಗೊನೆಯಿಂದ ಚೆನ್ನಾಗಿ ಮಾಗಿದ ಒಂದು ಹಣ್ಣು ಮುರಿದು ನನ್ನ ಕೈಯಲ್ಲಿಟ್ಟರು. "ಇರ್ಲಿ ಬಿಡು ನನ್ನಪ್ಪಾ. ತಿನ್ನು. ಸೋಲಾಪುರ ಏನ್ ದೂರ ಅದ?"

ಒಳಗಿನಿಂದ ಶರಣು ಹಣಕಿದ. ನನ್ನ ಹಲ್ಲು, ಅವ್ವನ ಕಣ್ಣು ಎರಡನ್ನೂ ನೋಡಿದ.

"ಯವ್ವಾ, ಅಂವ ನಿನ್ನ ಮಾತಿಗೆ ಇಲ್ಲ ಅಂದಾನ. ನೌಕರಿ ಇಲ್ಲ ಅಂದಿಲ್ಲ. ಆಗ್ಯಾದ, ನೌಕರಿ ಆಗ್ಯಾದ!"

ಕಾಕು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ಹಾಟ್ಯಾ, ಆಗ್ಯಾದ ಅನ್ನಾಕ ಏನ್ ಧಾಡಿ ನಿನಗ?" ಎಂದವರು ಕೊಟ್ಟ ಹಣ್ಣನ್ನು ಕಸಿದುಕೊಂಡು, ಅದರ ಬದಲು ಇಡೀ ಗೊನೆ ಎತ್ತಿ ಅಪ್ಪನಿಗೆಂದು ಕೊಟ್ಟರು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಹೋದೆ. ಅಪ್ಪ ಅದನ್ನು ದೇವರ ಮುಂದಿಟ್ಟು ಗಂಟೆ ಬಾರಿಸಿದರು, ಅವತ್ತು ಸ್ವಲ್ಪ ಹೆಚ್ಚೇ ಹೊತ್ತು.

ಹೋದ ವಾರ ಮೇಲಿನ ಕೋಣೆಯಲ್ಲಿ ನಿಂತು ಶರಣುವಿಗೆ ಇದನ್ನೆಲ್ಲ ಹೇಳಿದೆ. ಅವನು ಮಳೆಯನ್ನು ಈಗಲೂ ಒಪ್ಪಲಿಲ್ಲ, ಗುಂಡಿಗಳ ವಿಷಯವನ್ನಂತೂ ಬಿಡಲೇ ಇಲ್ಲ. ಬೆಳಗಿನ ಸಂದೇಶ ಇವತ್ತಿಗೂ ಹೋಗುತ್ತಿದೆ, ಪ್ರಶ್ನೆ ಅದೇ. ಸಂಜೆಯಾಗುತ್ತ ಬಂದಿತ್ತು, ಕಲಬುರಗಿಯ ಬಸ್ಸಿಗೆ ಹೊರಡಲೆಂದು ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡೆ. ಒಲೆಯ ಮುಂದಿನಿಂದ ಕಾಕು ತಿರುಗಿಯೂ ನೋಡದೆ ಕೇಳಿದರು:

"ವೆಂಕಟೇಶಾ, ಊಟ ಮಾಡಿ ಹೋಗೂದಿಲ್ಲೇನು?"

ಬಾಯಿ ತೆರೆದೆ, ಮುಚ್ಚಿದೆ. ಚಪ್ಪಲಿ ಬಿಚ್ಚಿ, ಒಳಗೆ ಹೋಗಿ, ತಾಟು ಹಾಕಿಕೊಂಡು ಕೂತೆ.